ಸ್ಪರ್ಶವಿಲ್ಲದ ಪಾದಕ್ಕೊಂದು ಬೂಟು

ಕೊರೊನಾ ಕಳೆದು ಎರಡು ವರ್ಷವಾಗಿದ್ದ ಕಾಲ. ನಾನು ಚಾಮರಾಜನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಶನಿವಾರಗಳಂದು ಗುಂಡ್ಲುಪೇಟೆಯ ಕ್ಲಿನಿಕ್ಕಿಗೆ ಬಂದು ಸಕ್ಕರೆ ಕಾಯಿಲೆಯವರ ಪಾದಗಳನ್ನು ನೋಡುತ್ತಿದ್ದೆ. ಸ್ವಭಾವದಲ್ಲಿ ನಾನು ತುಸು ಸಿಡುಕಿ. ಸವೆದ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಂದವರನ್ನು ಬೈಯದೆ ಕಳಿಸಿದ್ದು ಕಡಿಮೆ.

ಮಾದೇವಸ್ವಾಮಿ ಮೇಷ್ಟ್ರು ಬಂದದ್ದು ಅಂಥ ಒಂದು ಶನಿವಾರ, ಹೆಂಡತಿ ಶಿವಮ್ಮನವರ ಜೊತೆ. ಮನೆ ಬೇಗೂರಿನಲ್ಲಿ, ಹಂಗಳದ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ. ದಿನವೂ ಬೈಕಿನಲ್ಲೇ ಓಡಾಟ. ದಸರಾ ರಜೆ ಬಂತೆಂದರೆ ಗಂಡ ಹೆಂಡತಿ ಅದೇ ಬೈಕಿನಲ್ಲಿ ದೂರದ ಊರು ಸುತ್ತಲು ಹೊರಡುವುದು ಮದುವೆಯಾದಾಗಿನಿಂದ ನಡೆದುಬಂದಿತ್ತು. ಹಿಂದಿನ ಮಳೆಗಾಲದಲ್ಲಿ ಮೇಷ್ಟ್ರ ಒದ್ದೆ ಕ್ಯಾನ್ವಾಸ್ ಶೂ ಒಳಗೆ ಸಣ್ಣ ಕಲ್ಲೊಂದು ಸೇರಿ, ದಿನವಿಡೀ ಒತ್ತಿ, ಗಾಯ ಕೀವಾಗಿ, ಎಡಗಾಲಿನ ಕಿರುಬೆರಳನ್ನು ತೆಗೆಯಬೇಕಾಯಿತು. ಕಲ್ಲು ಇದ್ದದ್ದೇ ಅವರಿಗೆ ತಿಳಿದಿರಲಿಲ್ಲ. ಇದಕ್ಕೆ ನಾವು ನ್ಯೂರೋಪತಿ ಎನ್ನುತ್ತೇವೆ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಮಂಕಾಗಿ, ನೋವು, ಬಿಸಿ, ಒದ್ದೆ ಯಾವುದೂ ಗೊತ್ತಾಗುವುದಿಲ್ಲ.

ಅಂದಿನಿಂದ ಬೈಕಿನ ಕೀ ಶಿವಮ್ಮನವರ ಪರ್ಸಿನಲ್ಲಿತ್ತು, ಮೇಷ್ಟ್ರು ಬಸ್ಸಿನಲ್ಲಿದ್ದರು. ಈಗ ಡಾಕ್ಟರು ಪಾದದ ಕೀಲಿನ ಚಲನೆ, ಬ್ರೇಕ್ ಒತ್ತುವ ಬಲ ಎಲ್ಲ ಪರೀಕ್ಷಿಸಿ, ಓಡಿಸಬಹುದು ಎಂದಿದ್ದರು. ಆದರೆ ಸರಿಯಾದ ಬೂಟಿಲ್ಲದೆ ಕೂಡದು, ಇನ್ನೊಂದು ಗಾಯವಾದರೆ ಪಾದವೇ ಹೋದೀತು ಎಂದೂ ಹೇಳಿದ್ದರು. ವಯನಾಡಿನ ಮೇಲೆ ಕನ್ಯಾಕುಮಾರಿಗೆ ಹೋಗಿಬರುವುದು ಮೇಷ್ಟ್ರ ಆಸೆ.

"ಬೂಟ್ ನೀವೇ ಆರಿಸ್ಕೊಡಿ ಮೇಡಂ. ನೀವು ಸರಿ ಅಂದ್ರೆ ಇವ್ಳು ಕೀ ಕೊಡ್ತಾಳೆ," ಎಂದರು.

"ಮೇಡಮ್ಮ ಅಂದ್ರೂ ನಾನೂ ನೋಡ್ಬೇಕು," ಎಂದರು ಶಿವಮ್ಮ. ಆ ಹೆಂಗಸು ನನಗೆ ಆಗಲೇ ಹಿಡಿಸಿಬಿಟ್ಟರು.

ಸಂಜೆ ಕ್ಲಿನಿಕ್ ಮುಗಿಸಿ ಮೂವರೂ ಹೆದ್ದಾರಿ ಬದಿಯ ಅಂಗಡಿಗೆ ಹೋದೆವು. ಊಟಿಗೆ ಹೋಗುವ ಬೈಕಿನವರಿಗೆ ಹೆಲ್ಮೆಟ್ಟು, ಜಾಕೆಟ್ಟು ಮಾರುವ ಜೋಸ್ ಎಂಬ ವಯನಾಡಿನವರ ಅಂಗಡಿ ಅದು. ಸಂಜೆಯೇ ಹೋಗಬೇಕೆಂದು ನಾನು ಹಟ ಹಿಡಿದಿದ್ದೆ. ಹೊತ್ತು ಇಳಿಯುವಾಗ ಪಾದ ಊದಿರುತ್ತದೆ, ಬೆಳಗ್ಗೆ ಸರಿಹೋದ ಬೂಟು ಆಗ ಬಿಗಿಯುತ್ತದೆ. ಪ್ರವಾಸಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಸಿದೆ. ಒಳಗೆ ಕೈಯಿಟ್ಟು ಹೊಲಿಗೆ ಎಲ್ಲಾದರೂ ಉಬ್ಬಿದೆಯೇ ಎಂದು ತಡವಿ, ಗೇರಿಗೆ ಸಿಕ್ಕಿಕೊಳ್ಳುವಂಥ ಉದ್ದ ಲೇಸಿನ ಬೂಟುಗಳನ್ನೆಲ್ಲ ಪಕ್ಕಕ್ಕಿಟ್ಟೆ.

ಮೊದಲ ಜೊತೆ ಹಾಕಿ ಮೇಷ್ಟ್ರು ಅಂಗಡಿಯುದ್ದಕ್ಕೂ ನಡೆದರು. "ಆರಾಮಾಗದೆ ಮೇಡಂ. ಬೂಟ್ ಹಾಕಿರೋದೇ ಗೊತ್ತಾಯ್ತಿಲ್ಲ."

"ಬೆರಳು ಓಗುವಾಗ್ಲೂ ಇಂಗೇ ಅಂದ್ರಿ," ಎಂದರು ಶಿವಮ್ಮ.

ತೊಡಕು ಇದ್ದದ್ದೇ ಅಲ್ಲಿ. ಬೂಟು ಆರಾಮವೋ ಅಲ್ಲವೋ ಎಂದು ಹಾಕಿಕೊಂಡವರೇ ಹೇಳಬೇಕು, ಆದರೆ ಈ ಪಾದಗಳಿಗೆ ಅದು ತಿಳಿಯುವಂತಿರಲಿಲ್ಲ. ಹೀಗಾಗಿ ಶಿವಮ್ಮನವರಿಗೆ ನಮ್ಮ ಒಂದು ಪರೀಕ್ಷೆಯನ್ನು ಕಲಿಸಿದೆ. ಸ್ವಲ್ಪ ಹೊತ್ತು ನಡೆಸಿ ಬೂಟು ಕಳಚಬೇಕು. ಅಂಗೈಯ ಹಿಂಭಾಗದಿಂದ ಎರಡೂ ಪಾದಗಳನ್ನು ಒಂದೊಂದೇ ಜಾಗದಲ್ಲಿ ಮುಟ್ಟಿ ಹೋಲಿಸಬೇಕು. ಉಜ್ಜಿದ ಜಾಗ ಇನ್ನೊಂದಕ್ಕಿಂತ ಬಿಸಿಯಾಗಿರುತ್ತದೆ. ಶಿವಮ್ಮ ಅಂಗಡಿಯ ನೆಲದ ಮೇಲೇ ಕೂತು ಗಂಡನ ಪಾದಗಳನ್ನು ಮಡಿಲಿಗೆ ಎಳೆದುಕೊಂಡರು. ಮೇಷ್ಟ್ರು ನಾಚಿಕೊಂಡು ಹೊರಗಿನ ಲಾರಿಗಳನ್ನು ನೋಡುತ್ತ ಕೂತರು.

"ಎಡಗಾಲ ಹೆಬ್ಬೆಟ್ಟು ಬಿಸಿ ಅದೆ," ಎಂದರು ಶಿವಮ್ಮ. ನಾನೂ ಮುಟ್ಟಿದೆ, ನಿಜ. ಗೇರು ಹಾಕುವ ಬೆರಳೇ ಅದು. ಆ ಜೊತೆ ಹೋಯಿತು. ಎರಡನೆಯದರಲ್ಲಿ ಎರಡೂ ಪಾದ ಒಂದೇ ಸಮ ತಣ್ಣಗಿದ್ದವು.

ಉಳಿದದ್ದು ಮಳೆಯ ಮಾತು. ಪಾದ ಬಹಳ ಹೊತ್ತು ನೆನೆದರೆ ಚರ್ಮ ಮೆತ್ತಗಾಗಿ ಸುಲಭವಾಗಿ ಕಿತ್ತುಬರುತ್ತದೆ. ಜೋಸ್ ತಮ್ಮ ಮಾಲಿನ ಮೇಲಿನ ಅಭಿಮಾನಕ್ಕೆ ಬಕೆಟ್ ನೀರು ತರಿಸಿ, ಆ ಬೂಟು ತಾವೇ ಹಾಕಿಕೊಂಡು ನೀರಿನಲ್ಲಿ ನಿಂತರು. ಕಳಚಿದಾಗ ಕಾಲುಚೀಲ ತೇವವಾಗಿತ್ತು.

"ಇದು ಬೆವರು ಮೇಷ್ಟ್ರೇ, ನೀರಲ್ಲ," ಎಂದರು. ಇರಬಹುದು, ನೀರು ತಡೆಯುವ ಬೂಟಿನಲ್ಲಿ ಬೆವರುವುದು ಸಹಜ. ಅಲ್ಲವೆಂದು ಹೇಗೆ ಹೇಳುವುದು?

ಮೇಷ್ಟ್ರು ಆಗ ಎದ್ದರು. ಪಕ್ಕದ ಬೀಡಾ ಅಂಗಡಿಯಿಂದ ಸುಣ್ಣ ತಂದು ಬಕೆಟ್ಟಿಗೆ ಕದಡಿದರು. ದಿನಸಿ ಅಂಗಡಿಯ ಅರಿಸಿನವನ್ನು ಬಿಳಿ ಕಾಲುಚೀಲಕ್ಕೆ ಚೆನ್ನಾಗಿ ತಿಕ್ಕಿ ಜೋಸ್ ಕೈಗೆ ಕೊಟ್ಟರು.

"ಬೆವರಾದ್ರೆ ಅರಿಸಿನ ಅರಿಸಿನವಾಗೇ ಇರ್ತದೆ. ಬಕೆಟ್ ನೀರು ಒಳಿಕ್ಕೆ ಬಂದಿದ್ರೆ ಕೆಂಪಾಯ್ತದೆ. ಆರತಿ ನೀರು ಆಗೋದು ಇಂಗೇ ಕಣಪ್ಪ."

ಜೋಸ್ ಮತ್ತೆ ನಿಂತರು. ಕಳಚಿದರೆ, ಜಿಪ್ ಮುಗಿಯುವ ಕಡೆ ಕಾಲುಚೀಲದ ಮೇಲೆ ಕೆಂಪು ಗೆರೆ. ಸಿಟ್ಟಾಗುವ ಬದಲು ಅವರು ಒಳಗೆ ಹೋಗಿ ಮೂರನೆಯ ಜೊತೆ ತಂದರು. ಅದರಲ್ಲಿ ಅರಿಸಿನ ಅರಿಸಿನವಾಗಿಯೇ ಉಳಿಯಿತು. ಮೇಷ್ಟ್ರ ಕಾಲಿಗೆ ಹಾಕಿಸಿ ನಡೆಸಿದಾಗ ಬಿಸಿಯೂ ಇರಲಿಲ್ಲ. ಬೂಟಿನ ಬಾಯಿಯಿಂದ ಒಳಗೆ ನೀರಿಳಿಯದಂತೆ ಮಳೆ ಪ್ಯಾಂಟನ್ನು ಅದರ ಮೇಲೆ ಬಿಡಿ, ಒಳಗೆ ತುರುಕಬೇಡಿ ಎಂದು ನಾನು ಹೇಳಿದೆ. ಶಿವಮ್ಮ ಕೀ ಕೊಡಲಿಲ್ಲ. "ದಿನಾ ಒಸಿ ಒಸಿ ಹಾಕಿ ಪಳಗಲಿ. ಆಮೇಲೆ ನೋಡನ," ಎಂದರು. ನಾನು ಹೇಳಬೇಕಾಗಿದ್ದ ಮಾತು ಅದು.

ದಸರಾ ಕಳೆದ ಮೇಲೆ ಇಬ್ಬರೂ ಕ್ಲಿನಿಕ್ಕಿಗೆ ಬಂದರು, ಬಿಸಿಲಿಗೆ ಕಪ್ಪಾಗಿ. ಬೂಟು ಪಳಗಿದ ಮೇಲೆ ಬೈಕಿನಲ್ಲೇ ಕನ್ಯಾಕುಮಾರಿಗೆ ಹೋಗಿಬಂದಿದ್ದರು. ಘಟ್ಟದಲ್ಲಿ ಮಳೆ ಹಿಡಿದಿತ್ತಂತೆ.

"ಮರ್ಯಾದೆ ಓಯ್ತು ಮೇಡಂ," ಮೇಷ್ಟ್ರು ದೂರಿದರು. "ಟೀ ಅಂಗ್ಡಿ ಕಂಡ್ರೆ ಬೈಕ್ ನಿಲ್ಲುಸ್ತಿದ್ಳು. ಜನದ ಮುಂದೆ ಬೂಟ್ ಬಿಚ್ಚಿ ಕಾಲು ಮಡ್ಲಲ್ಲಿ ಇಟ್ಕೊಂಡು ಮುಟ್ಟಿ ನೋಡೋಳು."

"ನಿಮ್ಗೆ ಗೊತ್ತಾಗಲ್ವಲ್ಲ," ಎಂದರು ಶಿವಮ್ಮ, ಅಷ್ಟೇ.

ಬೆರಳ ಸಂದುಗಳನ್ನೆಲ್ಲ ನೋಡಿದೆ. ಒಂದು ಗುಳ್ಳೆಯೂ ಇರಲಿಲ್ಲ. ನನಗೆ ಆದ ಸಂತೋಷ ಹೇಳತೀರದು.

ಆ ಮೇಲೆ ನಾನು ಎಷ್ಟೋ ಜನರಿಗೆ ಪಾದರಕ್ಷೆ ಆರಿಸಿಕೊಟ್ಟಿದ್ದೇನೆ. ಸ್ಪರ್ಶ ಕಳೆದುಕೊಂಡವರು "ಆರಾಮಾಗಿದೆ" ಎಂದಾಗ ತಲೆಯಾಡಿಸುವುದನ್ನು ಬಿಟ್ಟಿದ್ದೇನೆ. ಮನೆಯಲ್ಲಿ ಪಾದ ಮುಟ್ಟಿ ನೋಡುವವರು ಯಾರು ಎಂದು ಕೇಳುತ್ತೇನೆ, ಮುಂದಿನ ಸಲ ಅವರನ್ನೂ ಕರೆತನ್ನಿ ಎನ್ನುತ್ತೇನೆ. ಪ್ರವಾಸ ಮುಗಿಸಿ ಕ್ಲಿನಿಕ್ಕಿಗೆ ಬಂದ ಆ ದಿನ ಪರೀಕ್ಷೆ ಮುಗಿದಾಗ ಶಿವಮ್ಮ ತಾವೇ ಬಗ್ಗಿ ಗಂಡನ ಬೂಟಿನ ಜಿಪ್ ಎಳೆದರು, ಈಗಲೂ ತಮ್ಮ ಪರ್ಸಿನಲ್ಲೇ ಇರುತ್ತಿದ್ದ ಕೀ ತೆಗೆದು ಅವರ ಕೈಗಿಟ್ಟರು.

"ನಡೀರಿ, ಓಗನ," ಎಂದರು.