ಕಾಕಾನ ಜೊತೆ ಮರದ ಸೇತುವೆಗೆ

ಅಬುಧಾಬಿಯ ಖಾಲಿದಿಯಾದಲ್ಲಿ ಹೊಸದಾಗಿ ತೆರೆದ ಕಾಫಿ ಅಂಗಡಿಯ ಮುಂದೆ ರೈಲು ಹಳಿಯಡಿಯ ಹಳೆಯ ಮರದ ಸ್ಲೀಪರುಗಳನ್ನು ಬೆಂಚಾಗಿ ಹಾಕಿದ್ದಾರೆ. ಮೊನ್ನೆ ಮಧ್ಯಾಹ್ನದ ಬಿಸಿಲಿಗೆ ಅವುಗಳಿಂದ ಡಾಂಬರಿನ ಘಾಟು ಏಳುತ್ತಿತ್ತು. ಕಾಫಿ ಮುಟ್ಟದೆ ಎದ್ದು ಬಂದೆ. ಅದೇ ವಾಸನೆಯ ನಡುವೆ ಎದುರು ಮನೆಯ ಕಾಕಾ ಹಿಂದೊಮ್ಮೆ ನಿಂತಿದ್ದುದು ಕಣ್ಣಿಗೆ ಕಟ್ಟಿತ್ತು...

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಎಲೆಕ್ಟ್ರಾ ಸ್ಟ್ರೀಟಿನ ಟಿ.ವಿ. ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಖಾಲಿದಿಯಾದ ಹಳೆಯ ಕಟ್ಟಡದಲ್ಲಿ ನನ್ನ ಬಾಗಿಲಿಗೆ ಎದುರು ಬಾಗಿಲು ಅವರದು. ಧಾರವಾಡದ ಕಡೆಯವರು, ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಎಂಜಿನಿಯರ್. ಶುಕ್ರವಾರ ಕಾಕಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಉಡುಪಿಯ ಈ ಒಂಟಿ ಹುಡುಗನಿಗೂ ಅಲ್ಲೇ ಊಟ. ಅವರ ಒಬ್ಬನೇ ಮಗ ಊರಿನಲ್ಲಿ ಓದುತ್ತಿದ್ದ. ಕಾಕಾ ಅವನಿಗೆ ಇಲ್ಲೊಂದು ಕೆಲಸ ನೋಡಿ, ವೀಸಾಕ್ಕೆ ಓಡಾಡುತ್ತಿದ್ದರು. ಹುಡುಗನಿಗೆ ಬರಲು ಮನಸ್ಸಿಲ್ಲ, ಫೋನಿನಲ್ಲಿ ಅಪ್ಪ ಮಗನಿಗೆ ಜಗಳವಾಗುತ್ತದೆ ಎಂದು ಕಾಕಿ ಒಮ್ಮೆ ಹೇಳಿದ್ದರು.

ಆ ಚಳಿಗಾಲ ವೀಸಾ ಬಂತು. ಅದೇ ವಾರ ಹುಡುಗ ಗೆಳೆಯರೊಂದಿಗೆ ಲೋಂಡಾದ ಆಚೆಯ ಕಾಡಿಗೆ ಚಾರಣ ಹೋದ. ಅಲ್ಲಿ ಬ್ರಿಟಿಷರ ಕಾಲದಲ್ಲಿ ದಿಮ್ಮಿ ಸಾಗಿಸಲು ಹಾಕಿದ್ದ ರೈಲು ದಾರಿಯೊಂದಿತ್ತು. ಹಳಿ ಕಿತ್ತು ಎಷ್ಟೋ ವರ್ಷವಾಗಿದ್ದರೂ ಕಣಿವೆಯ ಮೇಲಿನ ಮರದ ಸೇತುವೆ ಉಳಿದಿತ್ತು. ಅವನು ಅದರ ಮೇಲಿಂದ ಬಿದ್ದ. ಕಾಲು ಜಾರಿರಬೇಕು ಎಂದರು ಗೆಳೆಯರು. ಬೀಳುವುದನ್ನು ಯಾರೂ ಕಂಡಿರಲಿಲ್ಲ. ಪಾಸ್‌ಪೋರ್ಟುಗಳು ಕಂಪನಿಯ ಬೀರುವಿನಲ್ಲಿ, ಆಫೀಸಿಗೆ ರಜೆ. ಕಾಕಾ ಕಾಕಿ ಊರು ಮುಟ್ಟುವಷ್ಟರಲ್ಲಿ ಮಗನ ಅಂತ್ಯಕ್ರಿಯೆ ಮುಗಿದಿತ್ತು.

ಮರುವರ್ಷ ನಾನು ಊರಿಗೆ ಹೊರಟಾಗ ಕಾಕಾ ಬಾಗಿಲಿಗೆ ಬಂದರು.

“ತಮ್ಮಾ, ಆ ಬ್ರಿಜ್ ನೋಡಬೇಕು. ಒಬ್ಬಂವಗ ಧೈರ್ಯ ಆಗವಲ್ದು. ನನ್ನ ಜೋಡಿ ಬರ್ತೀಯೇನು?”

ಕಾಕಿ ಬರಲಿಲ್ಲ. ನಾವಿಬ್ಬರೇ ಲೋಂಡಾದಲ್ಲಿ ಇಳಿದು ಆ ಹಳೆಯ ದಾರಿ ಹಿಡಿದೆವು. ಜಲ್ಲಿಯ ಮೇಲೆ ಮುಳ್ಳುಕಂಟಿ ಬೆಳೆದಿತ್ತು. ಏರಿನಲ್ಲಿ ಕಾಕಾ ಏದುಸಿರು ಬಿಡುತ್ತಿದ್ದರು. ಸ್ವಲ್ಪ ಕೂರೋಣವೆಂದರೆ ಒಪ್ಪಲಿಲ್ಲ. ತಿರುವು ದಾಟಿದಾಗ ಸೇತುವೆ ಕಂಡಿತು... ಕಣಿವೆಯ ತಳದಿಂದ ಎದ್ದ ಕಪ್ಪು ಕಂಬಗಳು, ನಡುನಡುವೆ ಓರೆ ತೊಲೆಗಳು. ಚೆಂದವಿತ್ತು ಎಂದು ಬರೆಯಲು ಇಂದಿಗೂ ಸಂಕಟವಾಗುತ್ತದೆ. ಆದರೆ ಚೆಂದವಿತ್ತು.

ಮೇಲೆ ಹೋದೆವು. ಬಿಸಿಲಿಗೆ ಕಾದ ಮರದಿಂದ ಡಾಂಬರಿನ ಘಾಟು ಏಳುತ್ತಿತ್ತು. ಎತ್ತಿನ ಗಾಡಿ ಹೋಗುವಷ್ಟು ಅಗಲ, ಗಟ್ಟಿ ಹಲಗೆಗಳು. ಎರಡೂ ಬದಿಗೆ ಎದೆಯೆತ್ತರದ ಮರದ ಕಟಾಂಜನ. ಅದು ಎಲ್ಲಿಯೂ ಮುರಿದಿರಲಿಲ್ಲ, ಈಚೆಗೆ ಯಾರೂ ರಿಪೇರಿ ಮಾಡಿದ ಗುರುತೂ ಇರಲಿಲ್ಲ. ಎಲ್ಲ ಒಂದೇ ಹಳೆಯ ಮರ. ಕಾಕಾ ಅದರ ಮೇಲೆ ಕೈಯಾಡಿಸುತ್ತಾ ಆ ತುದಿಯವರೆಗೆ ಹೋದರು, ಇನ್ನೊಂದು ಬದಿ ಸವರುತ್ತಾ ಹಿಂದಿರುಗಿದರು. ನಡುವೆ ನಿಂತು ಎರಡೂ ಕೈ ಊರಿ ಕೆಳಗೆ ನೋಡಿದರು.

“ಬೀಳಬೇಕಂದ್ರ ಇದನ್ನ ಹತ್ತಿ ದಾಟಬೇಕಾಗ್ತದ, ತಮ್ಮಾ,” ಎಂದರು.

ಕಟಾಂಜನದಿಂದ ಕೈ ತೆಗೆಯದೆ, “ಅಂವಾ ಬರಂಗಿಲ್ಲ ಅಂತ ಹೇಳಿದ್ದಾ. ನಾನೇ ಕೇಳಲಿಲ್ಲ,” ಎಂದರು.

ಅಬುಧಾಬಿಗೆ ಮರಳಿದ ದಿನ ಬಾಗಿಲು ತೆರೆದ ಕಾಕಿ ನಮ್ಮಿಬ್ಬರ ಮುಖ ನೋಡಿ, ಏನಾದರೂ ತಿಳಿಯಿತೇ ಎಂದು ಕೇಳಿದರು. ಕಾಕಾ ಬೂಟು ಕೂಡ ಬಿಚ್ಚಿರಲಿಲ್ಲ.

“ಒಂದು ಹಲಗಿ ಕೊಳತು ಹೋಗಿತ್ತು. ಅಲ್ಲೇ ಜಾರ್‍ಯಾನ.”

ಕಾಕಿ ನನ್ನತ್ತ ತಿರುಗಿದರು. ನಾನು ತಲೆಯಾಡಿಸಿದೆ. ಒಂದು ವರ್ಷದಿಂದ ಕಲ್ಲಿನಂತಿದ್ದ ಆ ಹೆಂಗಸು ನೆಲದ ಮೇಲೆ ಕುಸಿದು ಅತ್ತರು. ಹಲಗೆ ಬದಲಿಸದೆ ಬಿಟ್ಟವರ ಮನೆ ಹಾಳಾಗಲಿ ಎಂದು ಶಪಿಸಿದರು. ಆಮೇಲಾಮೇಲೆ ಊಟ ಮಾಡತೊಡಗಿದರು, ದೇವರ ಮುಂದೆ ದೀಪ ಹಚ್ಚತೊಡಗಿದರು. ಕಾಕಾ ಮಾತ್ರ ದಿನದಿನಕ್ಕೆ ಸೊರಗಿದರು. ಸೈಟಿಗೆ ಹೋಗುವುದು, ಬರುವುದು, ಗೋಡೆ ನೋಡುತ್ತಾ ಕೂರುವುದು... ಕೆಲವು ವರ್ಷಗಳ ನಂತರ ಸೈಟಿನಲ್ಲಿಯೇ ಎದೆ ಹಿಡಿದುಕೊಂಡು ಬಿದ್ದವರು ಮತ್ತೆ ಏಳಲಿಲ್ಲ. ಶವಪೆಟ್ಟಿಗೆಯ ಜೊತೆಯಲ್ಲೇ ಕಾಕಿಯೂ ಊರಿಗೆ ಹೋದರು.

ಅವರಿಗೀಗ ಕಿವಿ ಮಂದ. ಫೋನಿನಲ್ಲಿ ಕೂಗಿ ಮಾತಾಡಬೇಕು. ಕಾಕಾ ಇದ್ದಾಗ ಆ ಸುಳ್ಳನ್ನು ಹೊರಲು ಇಬ್ಬರಿದ್ದೆವು. ಈಗ ಉಳಿದವನು ನಾನೊಬ್ಬ. ಮೊನ್ನೆ ಕಾಫಿ ಅಂಗಡಿಯಿಂದ ಮನೆಗೆ ಬಂದು ಅವರಿಗೆ ಫೋನ್ ಮಾಡಿದೆ. ಸುತ್ತಿ ಬಳಸಿ ಮಾತು ಅಲ್ಲಿಗೇ ಬಂತು.

“ಆ ಒಂದು ಹಲಗಿ ಬದಲು ಮಾಡಿದ್ರ ಮೂರೂ ಮಂದಿ ಇರ್ತಿದ್ವಿ, ಅಲ್ಲೇನಪಾ?”

ಹೌದು ಕಾಕೀ, ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ.