ಬೇರೆಯವನ ಹಾಜರಿ

ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಆ ಕೆಲಸದ ಜಾಗಕ್ಕೆ ನಾನು ಕೊಟ್ಟದ್ದು ಒಂದು ಆಡು, ಒಂದು ಕಂಬಳಿ. ಸೋದರಮಾವನ ಮಗ ಎರಡು ಆಡು ಕೇಳಿದ್ದ. ಒಂದಕ್ಕೆ ಇಳಿಸಲು ಮಸ್ಕಿಯ ಸಂತೆಯಲ್ಲಿ ಅರ್ಧ ದಿನ ಅವನ ಪಕ್ಕ ಕೂತಿದ್ದೆ. ಅಷ್ಟಾದರೂ ಕೊಡಲು ಕಾರಣವಿತ್ತು. ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಆ ಮಿಲ್ಲಿಗೆ ಹೊಸದಾಗಿ ಸೇರಿದವನಿಗೆ ಅರ್ಧ ಕೂಲಿ. ಸೋದರಮಾವನ ಮಗ ಅಲ್ಲಿ ಹಳೆಯ ಆಳು, ಪೂರ್ತಿ ಕೂಲಿಯವನು. ಸಿಂಧನೂರಿನ ಕಡೆಯ ತನ್ನ ಹೊಲಕ್ಕೆ ಮರಳಬೇಕೆಂದಿದ್ದ. ಹೀಗೆ ಜಾಗ ಕೈಬದಲಾಗುವುದು ನಮ್ಮಲ್ಲಿ ವಾಡಿಕೆ. ಹಾಜರಿ ಪುಸ್ತಕದಲ್ಲಿ ಹೆಸರು ಹಾಗೇ ಉಳಿಯುತ್ತಿತ್ತು, ಆಳು ಮಾತ್ರ ಬದಲು. ಮೇಸ್ತ್ರಿಗೂ ಗೊತ್ತಿರುತ್ತಿತ್ತು.

ಮೂರು ಹಂಗಾಮು ನಾನು ಅವನ ಹೆಸರಿಗೆ ಓಗೊಟ್ಟೆ. ಜೊತೆಯವರೂ, ಚಹಾ ಅಂಗಡಿಯವನೂ ಹಾಗೇ ಕರೆದರು. ನನ್ನ ಹೆಸರು ಕಿವಿಗೆ ಬೀಳದೆ ತಿಂಗಳುಗಳೇ ಹೋಗುತ್ತಿದ್ದವು. ಸಂಜೆ ಒಬ್ಬನೇ ರೊಟ್ಟಿ ಬಡಿಯುವಾಗ ಕೆಲವು ಸಲ ನಾನೇ ಅದನ್ನು ಮೆಲ್ಲಗೆ ಹೇಳಿಕೊಂಡದ್ದುಂಟು.

ನಾಲ್ಕನೆಯ ಹಂಗಾಮಿನಲ್ಲಿ ಯಂತ್ರದ ಉರುಳೆಗೆ ಸಿಕ್ಕು ಬಲಗೈಯ ಮೂರು ಬೆರಳು ಹೋದವು. ದವಾಖಾನೆಯಲ್ಲೂ ಮೇಸ್ತ್ರಿ ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನೇ ಬರೆಸಿದ. ಹನ್ನೊಂದು ದಿನ ಮಲಗಿದ್ದೆ. ಪಕ್ಕದ ಮಂಚದವರಿಗೆ ಮನೆಯಿಂದ ಬುತ್ತಿ ಬರುತ್ತಿತ್ತು, ನನ್ನನ್ನು ಕೇಳುವವರಿರಲಿಲ್ಲ. ಅವ್ವ ಬಂದಿದ್ದಳೆಂದು ತಿಳಿದದ್ದು ಊರು ಸೇರಿದ ಮೇಲೆ. ಮಸ್ಕಿಯಿಂದ ಬಂಡಿಯಲ್ಲಿ ಬಂದು, ಬಾಗಿಲಲ್ಲಿ ಮಗನ ಹೆಸರು ಹೇಳಿದ್ದಾಳೆ. ಕಂಪೌಂಡರ್ ಪುಸ್ತಕ ನೋಡಿ ಅಂಥವರು ಇಲ್ಲಿಲ್ಲ ಎಂದಿದ್ದಾನೆ. ಬುತ್ತಿಯ ಗಂಟು ಬಿಚ್ಚದೆ ಹಿಂದಿರುಗಿದಳಂತೆ.

ಕೆಲಸದಲ್ಲಿ ಕೈಕಾಲು ಕಳೆದುಕೊಂಡವರಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು ಆಗಷ್ಟೇ ಬಂದಿತ್ತು. ಪರಿಹಾರ ಸಿಕ್ಕರೆ ಒಂದು ಸಣ್ಣ ಅಂಗಡಿ ಇಡಬಹುದು; ಸಿಗದಿದ್ದರೆ ಎರಡು ಬೆರಳಿನ ಕೈಗೆ ಕೂಲಿ ಕೊಡುವವರಾರು? ಪುಸ್ತಕದಲ್ಲಿದ್ದ ಹೆಸರಿನಲ್ಲೇ ಅರ್ಜಿ ಹಾಕಿ, ಆ ಹೆಸರಿಗೆ ದುಡಿದವನು ನಾನೇ ಎಂದು ಹೇಳಲು ಸೋದರಮಾವನ ಮಗನನ್ನು ಸಾಕ್ಷಿಗೆ ಕರೆದೆ.

“ಸರಕಾರಕ್ಕ ಮೋಸ ಮಾಡೀ ಅಂತ ನನ್ನ ಒಳಗ ಹಾಕಿದ್ರ ಹೊಲ ಯಾರ ನೋಡ್ತಾರ್ಲೇ?” ಎಂದ. ಆದರೂ ಬಂದ.

ಸರಕಾರಿ ಕಚೇರಿಯಲ್ಲಿ ಪರಿಹಾರದ ಅರ್ಜಿ ವಿಚಾರಿಸುವ ಮುನ್ಷಿ ಅದರಲ್ಲಿದ್ದ ಹೆಸರು ಕೂಗಿದ. ಇಬ್ಬರೂ ಎದ್ದು ನಿಂತೆವು.

ಮುನ್ಷಿ ಸಿಟ್ಟಾಗಲಿಲ್ಲ. ಅವನ ಕೈ ನೋಡಿದ, ನನ್ನ ಕೈ ನೋಡಿದ. “ಪುಸ್ತಕದಾಗಿನ ಮನುಷ್ಯಾಗ ಹತ್ತೂ ಬೆರಳ ಅದಾವ. ಬೆರಳ ಹೋದಾಂವ ಪುಸ್ತಕದಾಗ ಇಲ್ಲ. ಯಾರಿಗೆ ಕೊಡ್ಲಿ, ನೀವ ಹೇಳ್ರಿ.”

ಮೇಸ್ತ್ರಿಯನ್ನು ಕೇಳಿದರೆ, ಈ ಅದಲುಬದಲು ತನಗೆ ಗೊತ್ತೇ ಇಲ್ಲವೆಂದ. ಅರ್ಜಿ ವಜಾ ಆಯಿತು. ಸೋದರಮಾವನ ಮಗ ಸಿಂಧನೂರಿನ ದಾರಿ ಹಿಡಿದ. ನಾನು ಕಚೇರಿಯ ಕಟ್ಟೆಯ ಮೇಲೆ ಬಿಸಿಲು ಇಳಿಯುವವರೆಗೆ ಕೂತಿದ್ದೆ.

ಮುಂದೆ ದನದ ದಲ್ಲಾಳಿಯಾದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ಕಸುಬನ್ನು ಎಡಗೈಯಲ್ಲಿ ಕಲಿತು ಬದುಕಿಕೊಂಡೆ. ಆದರೆ ಎಲ್ಲರಿಗೂ ಹಾಗಾಗುವುದಿಲ್ಲ.

ಅದಕ್ಕೇ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ನಿಮ್ಮ ಹೆಸರು ಎಲ್ಲಿ ಬರೆದಿದೆ ಎಂದು ತೋರಿಸಲು ಕೇಳಿ. ಓದಲು ಬಾರದಿದ್ದರೆ ಬಲ್ಲವರನ್ನು ಕರೆದೊಯ್ಯಿರಿ. ಅರ್ಧ ಕೂಲಿಯಾದರೂ ಸರಿ, ಸ್ವಂತ ಹೆಸರಿಗೇ ಸೇರಿ; ಕಾನೂನು ಎಷ್ಟೇ ಒಳ್ಳೆಯದಿದ್ದರೂ ಪುಸ್ತಕದಲ್ಲಿ ಇಲ್ಲದವನನ್ನು ಕಾಯಲಾರದು. ದವಾಖಾನೆ ಸೇರುವ ಹೊತ್ತು ಬಂದರೆ, ನಿಮ್ಮ ತಾಯಿ ಬಾಗಿಲಲ್ಲಿ ಯಾವ ಹೆಸರು ಹೇಳುತ್ತಾಳೋ ಅದನ್ನೇ ಬರೆಸಿ.