ನಡೆಯದ ಗ್ರಾಮಸಭೆಯ ವರದಿ

ಆ ವರದಿಯ ತುಂಡು ಈಗಲೂ ಪಂಚಾಯಿತಿಯ ಕಡತದಲ್ಲಿ ಅಂಟಿಕೊಂಡು ಕೂತಿದೆ. ಅದನ್ನು ಪತ್ರಿಕೆಗೆ ಕಳಿಸಿದವನು ನಾನು. ನೆನೆದಾಗಲೆಲ್ಲ ಮೈ ಉರಿಯುತ್ತದೆ. ಮೊದಲು ನನ್ನ ಮೇಲೆ, ಆಮೇಲೆ ನನಗೆ ಆ ಚಾಳಿ ಕಲಿಸಿದ ಕಸುಬಿನ ಮೇಲೆ.

ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯ ಮೇಲೆ ನಮ್ಮ ಪತ್ರಿಕೆಯ ಕಚೇರಿ. ತಿಕೋಟಾ, ಬಬಲೇಶ್ವರ ಎರಡೂ ಕಡೆಯ ಸುದ್ದಿ ನನ್ನ ಪಾಲು. ಒಂದೇ ದಿನ ನಾಲ್ಕು ಕಡೆ ಕಾರ್ಯಕ್ರಮ ಇದ್ದರೆ ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಆಯಾ ಊರಿನವರೇ ವರದಿ ಬರೆದು ಮೊಬೈಲಿಗೆ ಕಳಿಸುತ್ತಿದ್ದರು, ಅದೂ ಕಾರ್ಯಕ್ರಮ ಶುರುವಾಗುವ ಮೊದಲೇ. ಯಾರು ಸ್ವಾಗತಿಸಿದರು, ಯಾರು ವಂದಿಸಿದರು, ಎಲ್ಲ ತಯಾರು. ಹೋದ ವರ್ಷದ ಫೋಟೊ ಹಚ್ಚಿದರೆ ಮುಗಿಯಿತು. ಇದಕ್ಕೆ ನಾವು ಚುರುಕುತನ ಎಂದು ಹೆಸರಿಟ್ಟುಕೊಂಡಿದ್ದೆವು. ಮೈಗಳ್ಳತನಕ್ಕೆ ಎಂಥ ಚೆಂದದ ಹೆಸರು!

ಆ ದಿನ ಬಬಲೇಶ್ವರದ ಸಂತೆಯಲ್ಲಿದ್ದೆ. ತಿಕೋಟಾ ಹತ್ತಿರದ ಒಂದು ಊರಿನ ಪಂಚಾಯಿತಿ ಕಾರ್ಯದರ್ಶಿ ಫೋನು ಮಾಡಿದ.

"ಇವತ್ತ ನಮ್ಮಲ್ಲಿ ಗ್ರಾಮಸಭಾ ಐತ್ರಿ. ನೀವ್ಯಾಕ ಬಿಸಲಾಗ ಬರ್ತೀರಿ? ನಾನ ಬರದು ಕಳಿಸೇನಿ, ನೋಡ್ರಿ."

ನೋಡಿದೆ. ಹೊಸ ನೀರಿನ ಪೈಪನ್ನು ಊರ ಹೊರಗಿನ ಬಡಾವಣೆಗೆ ಎಳೆಯಲು ಗ್ರಾಮಸ್ಥರು ಒಮ್ಮತದಿಂದ ಒಪ್ಪಿದರು ಎಂದಿತ್ತು. ಚಹಾ ಕುಡಿಯುತ್ತಲೇ ಎರಡು ಸಾಲು ತಿದ್ದಿ ಕಚೇರಿಗೆ ದಾಟಿಸಿದೆ.

ಮೂರು ದಿನ ಕಳೆದಿರಬೇಕು. ಆ ಊರಿನಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಪತ್ರಿಕೆ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದಳು.

"ಇದನ್ನ ಬರದಾವ್ರು ನೀವೇನ್ರಿ?"

"ಹೌದ್ರಿ."

"ಸಭಾದಾಗ ಎಲ್ಲಿ ಕುಂತಿದ್ರಿ? ನಮ್ಮ ಓಣಿ ಹೆಣಮಕ್ಕಳೆಲ್ಲಾ ಮುಂಜಾನಿಂದ ಪಂಚಾಯ್ತಿ ಕಟ್ಟಿ ಮ್ಯಾಲ ಕುಂತಿದ್ವಿ. ಬಾಗಲಾನ ತಗೀಲಿಲ್ಲ. ನೀವೂ ಕಾಣಲಿಲ್ಲಲ್ರಿ?"

ಅವರ ಓಣಿಗೆ ನಲ್ಲಿಯೇ ಇರಲಿಲ್ಲ. ಪೈಪು ತಮ್ಮ ಕಡೆ ಬರಲಿ ಎಂದು ಕೇಳಲು ಆಕೆ ಮನೆಮನೆ ಅಡ್ಡಾಡಿ ಸಹಿ, ಹೆಬ್ಬೆಟ್ಟು ಹಾಕಿಸಿ ಅರ್ಜಿ ಮಾಡಿಸಿದ್ದಳು. ಬಡಾವಣೆ ಎಂದರೆ ಪಂಚಾಯಿತಿ ಅಧ್ಯಕ್ಷರ ಖಾಲಿ ಪ್ಲಾಟುಗಳು, ಅಲ್ಲಿ ಒಂದು ಮನೆಯೂ ಇಲ್ಲ. ದೂರು ಕೊಡಲು ಹೋದರೆ ತಾಲ್ಲೂಕು ಪಂಚಾಯಿತಿಯ ಮೇಲಧಿಕಾರಿ ನನ್ನ ವರದಿಯನ್ನೇ ತೋರಿಸಿ, "ಸಭಾ ಆಗೇತಿ, ಪೇಪರಿನ್ಯಾಗ ಬಂದೈತಿ" ಎಂದನಂತೆ.

ತಿದ್ದುಪಡಿ ಬರೆದು ಸಂಪಾದಕರ ಮುಂದಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಮ್ಮ ಮರ್ಯಾದಿ ನಾವ ಕಳ್ಕೊಳ್ಳೂದೇನೋ? ಬಿಡು, ಮಂದಿ ನಾಳೆ ಮರೀತಾರ."

ಮರ್ಯಾದೆಯಂತೆ! ಬಾಗಿಲೇ ತೆರೆಯದ ಸಭೆಯಲ್ಲಿ ಜನರ ಕೈ ಎತ್ತಿಸಿದವರಿಗೆ ಮರ್ಯಾದೆ ಬೇರೆ ಕೇಡು. ವಾರವಿಡೀ ಪ್ರಜಾಪ್ರಭುತ್ವದ ಬಗ್ಗೆ ಉಪದೇಶ ಅಚ್ಚು ಹಾಕುವ ನಾವು, ಒಂದು ಓಣಿಯ ಜನಕ್ಕೆ ಬಾಯಿಬಿಡಲು ಇದ್ದ ಒಂದೇ ಜಾಗವನ್ನೂ ಮುಚ್ಚಿಬಿಟ್ಟಿದ್ದೆವು. ಇಷ್ಟೆಲ್ಲ ನಾಲಿಗೆಯ ತುದಿಗೆ ಬಂದರೂ ತಿದ್ದುಪಡಿಯ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೊರಬಂದೆ. ಹೇಡಿ ನಾನು.

ಸಭೆಗೆ ನಾನು ಹೋಗಿರಲಿಲ್ಲ, ವರದಿ ಕಾರ್ಯದರ್ಶಿ ಕಳಿಸಿದ್ದು ಎಂದು ಬಿಳಿ ಹಾಳೆಯ ಮೇಲೆ ಬರೆದು, ಸಹಿ ಮಾಡಿ, ಆಕೆಯ ಜೊತೆ ಆ ಅಧಿಕಾರಿಯ ಹತ್ತಿರ ಹೋದೆ. ಆತ ಓದಿ ನಕ್ಕ.

"ಇದು ಪೇಪರಿನ್ಯಾಗ ಬಂದಿಲ್ಲಲ್ರಿ. ಬರ್ಲಿ, ಆಮ್ಯಾಲ ನೋಡೂಣು."

ಪೈಪು ಖಾಲಿ ಪ್ಲಾಟಿಗೇ ಹೋಯಿತು. ಕೆಲವು ತಿಂಗಳ ನಂತರ ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕಳು. ಮುಂದಿನ ಗ್ರಾಮಸಭೆಗೆ ನಾನೇ ಬರುತ್ತೇನೆ, ಕೊನೆಯವರೆಗೂ ಕೂರುತ್ತೇನೆ ಎಂದೆ.

"ನೀವು ಬರ್ರಿ. ನಮ್ಮ ಓಣ್ಯಾಗಿನವ್ರು ಯಾರೂ ಬರಂಗಿಲ್ಲ. ನಾವು ಏನ ಹೇಳ್ತೀವಿ ಅನ್ನೂದು ನಿಮಗ ಮೊದಲ ಗೊತ್ತಿರ್ತೈತಲ್ಲ."

ಹೋದೆ. ಅವತ್ತು ಸಭೆ ಖರೇನೇ ನಡೆಯಿತು. ಆ ಓಣಿಯಿಂದ ಒಬ್ಬರೂ ಬಂದಿರಲಿಲ್ಲ. ಠರಾವು ಒಮ್ಮತದಿಂದ ಪಾಸಾಯಿತು ಎಂದು ಕಾರ್ಯದರ್ಶಿ ಗಟ್ಟಿಯಾಗಿ ಓದಿದ. ಬರೆದುಕೊಂಡೆ. ಈ ಸಲ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.